ಒತ್ತಬಹುದು, ಉಜ್ಜಬಾರದು: ನಾಜೂಕು ಚರ್ಮದ ಮಗುವಿಗೆ ಅರಿವಳಿಕೆ ಕೊಡುವಾಗ

ಪ್ಲಾಸ್ಟರ್ ಕಿತ್ತರೆ ಅದರ ಜೊತೆ ಚರ್ಮವೂ ಎದ್ದು ಬರುತ್ತದೆ. ಎಪಿಡರ್ಮೊಲೈಸಿಸ್ ಬುಲ್ಲೋಸಾ, ಅಂದರೆ ಇಬಿ ಇರುವ ಮಕ್ಕಳ ಪಾಡು ಇದು. ಚರ್ಮದ ಪದರಗಳನ್ನು ಹಿಡಿದಿಡುವ ಪ್ರೋಟೀನ್‌ನಲ್ಲೇ ಹುಟ್ಟಿನಿಂದ ದೋಷ. ಹಲ್ಲಿನ ಚಿಕಿತ್ಸೆ, ಕಿರಿದಾದ ಅನ್ನನಾಳ ಹಿಗ್ಗಿಸುವುದು, ಅಂಟಿಕೊಂಡ ಬೆರಳು ಬಿಡಿಸುವುದು ಅಂತ ತೀವ್ರ ಇಬಿ ಇರುವವರು ಪದೇ ಪದೇ ಆಪರೇಷನ್ ಥಿಯೇಟರ್‌ಗೆ ಬರಬೇಕಾಗುತ್ತದೆ.

ಒಂದು ಮಾತು ನೆನಪಿರಲಿ. ನೇರವಾಗಿ ಒತ್ತಿದರೆ ಅಷ್ಟು ತೊಂದರೆಯಿಲ್ಲ. ಉಜ್ಜಿದರೆ, ಎಳೆದರೆ ಗುಳ್ಳೆ ಏಳುತ್ತದೆ.

ಮೊದಲು ಅಮ್ಮನನ್ನೋ ಅಪ್ಪನನ್ನೋ ಕೇಳಿ. ಮಗುವನ್ನು ಹೇಗೆ ಎತ್ತಬೇಕು, ಯಾವ ಡ್ರೆಸ್ಸಿಂಗ್ ಒಗ್ಗುತ್ತದೆ ಎಂದು ಅವರಷ್ಟು ಬಲ್ಲವರಿಲ್ಲ. ಬಾಯಿ ಎಷ್ಟು ತೆರೆಯುತ್ತದೆ ನೋಡಿ, ರಕ್ತಹೀನತೆ ಇದೆಯೇ ಪರೀಕ್ಷಿಸಿ.

ಟೇಬಲ್ ಮೇಲಿನ ಹಾಸಿನಲ್ಲಿ ಒಂದು ಸುಕ್ಕೂ ಇರಬಾರದು. ಆಗುವುದಾದರೆ ಮಗು ತಾನೇ ಹತ್ತಿ ಮಲಗಲಿ. ಇಲ್ಲವಾದರೆ ಪೂರ್ತಿ ಎತ್ತಿ ಇಡಿ, ಜಾರಿಸಬೇಡಿ.

ಇಸಿಜಿ ಪ್ಯಾಡಿನ ಅಂಟು ಭಾಗ ಕತ್ತರಿಸಿ, ಜೆಲ್ ಭಾಗ ಮಾತ್ರ ಇಡಿ. ಆಕ್ಸಿಜನ್ ಮಟ್ಟ ನೋಡಲು ಕ್ಲಿಪ್ ಸಾಕು, ಅಂಟಿಸುವುದು ಬೇಡ. ಬಿಪಿ ಪಟ್ಟಿಯ ಕೆಳಗೆ ದಪ್ಪ ಹತ್ತಿ ಸುತ್ತಿ. ಸೂಜಿ ಹಾಕುವ ಜಾಗವನ್ನು ಒರೆಸಬೇಡಿ, ತಟ್ಟಿ ಶುಚಿ ಮಾಡಿ. ಕ್ಯಾನುಲಾ, ಅಂದರೆ ರಕ್ತನಾಳಕ್ಕೆ ಹಾಕಿದ ತೆಳು ನಳಿಕೆ ನಿಲ್ಲಿಸಲು ಸಿಲಿಕೋನ್ ಟೇಪ್, ಮೇಲೆ ಬ್ಯಾಂಡೇಜ್. ಅಪ್ಪಿತಪ್ಪಿ ಅಂಟು ಹತ್ತಿದರೆ ಕೀಳಬಾರದು, ಸಿಲಿಕೋನ್ ದ್ರವ ಹಾಕಿ ನಿಧಾನಕ್ಕೆ ಬಿಡಿಸಬೇಕು.

ಮುಖದ ಹತ್ತಿರ ಇನ್ನೂ ಜಾಸ್ತಿ ಎಚ್ಚರ ಬೇಕು. ಮಾಸ್ಕ್ ಹಿಡಿಯುವ ಡಾಕ್ಟರ ಬೆರಳು ಗದ್ದದ ಮೇಲೆ ಸ್ವಲ್ಪ ಜಾರಿದರೂ ಅಲ್ಲಿ ಗಾಯವಾಗುತ್ತದೆ. ಅದಕ್ಕೇ ಮಾಸ್ಕಿನ ಅಂಚಿಗೆ, ಕೈಗವಸಿಗೆ, ಮಗುವಿನ ತುಟಿಗೆ ಧಾರಾಳವಾಗಿ ಜಿಡ್ಡಿನ ಮುಲಾಮು ಹಚ್ಚುತ್ತಾರೆ. ಗಂಟಲು ನೋಡುವ ಬ್ಲೇಡಿಗೂ ಅಷ್ಟೇ. ಉಸಿರಿನ ನಳಿಕೆ ಸ್ವಲ್ಪ ಸಣ್ಣ ಸೈಜಿನದಿರಲಿ, ಅದನ್ನು ಮೆತ್ತನೆ ಪಟ್ಟಿಯಿಂದ ಕಟ್ಟಿ. ಬಾಯಿಯ ಒಳಪದರ ಬಹಳ ಸೂಕ್ಷ್ಮ, ಹಾಗಾಗಿ ಜೊಲ್ಲು ಹೀರುವ ಸಕ್ಷನ್ ಪೈಪನ್ನು ಕಣ್ಣಿಗೆ ಕಾಣದೆ ಸುಮ್ನೆ ತೂರಿಸಬೇಡಿ. ಕಣ್ಣಿಗೆ ಟೇಪ್ ಬೇಡ, ಮುಲಾಮು ಹಾಕಿ ಒದ್ದೆ ಗಾಜ್ ಬಟ್ಟೆ ಇಟ್ಟರೆ ಆಯಿತು.

ಎಚ್ಚರವಾಗುವಾಗ ಮಗು ಒದ್ದಾಡಿದರೆ ಇಷ್ಟು ಹೊತ್ತಿನ ಜೋಪಾನವೆಲ್ಲ ವ್ಯರ್ಥ ಅಲ್ವಾ? ಅದಕ್ಕೆ ನೋವಿನ ಔಷಧಿ ಮೊದಲೇ ಕೊಟ್ಟಿರಬೇಕು. ಆಕ್ಸಿಜನ್ ಮಾಸ್ಕನ್ನು ಕಟ್ಟದೆ ಮುಖದ ಹತ್ತಿರ ಹಿಡಿದರೆ ಸಾಕು. ಮಗು ಕಣ್ಣು ಬಿಡುವ ಹೊತ್ತಿಗೆ ಅಮ್ಮ ಪಕ್ಕದಲ್ಲಿರಲಿ.