ಆರ್‌ಸಿಎಲ್ ಜೀಪಿನ ಮಾಡೆಲ್: ಗನ್ನಿಗಿಂತ ಮೊದಲು ಜೀಪು ನೋಡಿ

ಸೇನೆಯ ಜೀಪುಗಳ ಮಾಡೆಲ್ ಮಾಡೋರು ಬೇಕಾದಷ್ಟು ಜನ ಇದ್ದಾರೆ. ಆದರೆ 106 ಎಂಎಂ ಆರ್‌ಸಿಎಲ್ (ರಿಕಾಯ್ಲ್‌ಲೆಸ್, ಅಂದರೆ ಹಾರಿಸಿದಾಗ ಹಿಂದಕ್ಕೆ ಒದೆಯದ) ಗನ್ ಹೊತ್ತ ಜೀಪಿನ ಒಳ್ಳೆಯ ಮಾಡೆಲ್ ಸಿಗೋದು ಅಪರೂಪ. ಎಲ್ಲರ ಕಣ್ಣೂ ಗನ್ ಮೇಲೇ ಹೋಗುತ್ತದೆ. ಅದನ್ನು ಚೆಂದ ಮಾಡಿ, ಯಾವುದೋ ಮಾಮೂಲಿ ಜೀಪಿನ ಮೇಲೆ ಕೂರಿಸಿಬಿಡುತ್ತಾರೆ. ನಾನು ಜೀಪಿನಿಂದಲೇ ಶುರು ಮಾಡಿದೆ. ಆ ಭಾರ ಹೊರೋದಕ್ಕೆ ಜೀಪು ಎಲ್ಲೆಲ್ಲಿ ಬದಲಾಯಿತು ಅನ್ನೋದು ಗೊತ್ತಾಗದೆ ಇದನ್ನು ಮಾಡೋಕಾಗಲ್ಲ.

ನನ್ನದು 1:35 ಅಳತೆ. ಹಳೆಯ ವಿಲ್ಲಿಸ್ ಜೀಪಿನ ಉದ್ದ ಸುಮಾರು 3.33 ಮೀಟರ್. ಈ 106 ಎಂಎಂ ಗನ್ನಿನ, ಅಂದರೆ ಎಂ40ರ, ಉದ್ದ 3.4 ಮೀಟರ್. ಅಂದರೆ ಮಾಡೆಲ್‌ನಲ್ಲಿ ಜೀಪು 95 ಮಿಲಿಮೀಟರ್, ಗನ್ 97. ಹೊತ್ತುಕೊಂಡ ಗಾಡಿಗಿಂತ ಗನ್ನೇ ಉದ್ದ! ಹಾಗಾಗಿ ಗನ್ ಹಿಂದೆ ಮುಂದೆ ಎಲ್ಲಿ ಕೂರುತ್ತದೆ ಅನ್ನೋದನ್ನು ಮೊದಲೇ ನಿರ್ಧರಿಸಬೇಕು. ಕೊಳವೆ ಡ್ರೈವರ್ ಪಕ್ಕದಿಂದ ಹಾದು ಬಾನೆಟ್ ಮೇಲೆ ಚಾಚಿಕೊಳ್ಳುತ್ತದೆ. ಮುಂದಿನ ಗಾಜು ಅದಕ್ಕೆ ಅಡ್ಡ. ಎಷ್ಟೋ ಜೀಪುಗಳಲ್ಲಿ ಗಾಜಿನ ಚೌಕಟ್ಟನ್ನು ಬಾನೆಟ್ ಮೇಲೆ ಮಲಗಿಸುತ್ತಿದ್ದರು. ಅಮೆರಿಕದವರು ಈ ಗನ್ನಿಗಾಗಿಯೇ ಎಂ38ಎ1ಸಿ ಅನ್ನೋ ಜೀಪು ಮಾಡುವಾಗ ಚೌಕಟ್ಟನ್ನೇ ನಡುವೆ ಸೀಳಿ ಕೊಳವೆಗೆ ದಾರಿ ಬಿಟ್ಟರು. ನೀವು ಯಾವ ಜೀಪು ಮಾಡುತ್ತಿದ್ದೀರಿ ಅನ್ನೋದು ಈ ಒಂದು ಚೌಕಟ್ಟಿನಲ್ಲೇ ಗೊತ್ತಾಗುತ್ತದೆ.

ಮುಂದಿನದು ಭಾರ. ಸ್ಟ್ಯಾಂಡು ಸೇರಿ ಗನ್ ಸುಮಾರು 209 ಕೆಜಿ ಇದೆ. ಒಂದೊಂದು ಶೆಲ್ ಸುಮಾರು 17 ಕೆಜಿ. ಮೇಲೆ ಜನ. ಜೀಪಾದರೋ ಕಾಲು ಟನ್ ಹೊರುವ ವರ್ಗದ ಗಾಡಿ. ಎಂ38ಎ1ಸಿಗೆ ಗಟ್ಟಿ ಸ್ಪ್ರಿಂಗ್ ಹಾಕಿದ್ದು ಇದಕ್ಕೇ. ಸಾಮಾನ್ಯ ಜೀಪಿನ ಮೇಲೆ ಗನ್ ಇಟ್ಟಿದ್ದರೆ ಹಿಂಭಾಗ ತಗ್ಗಿರಲೇಬೇಕು, ಅಲ್ವಾ? ಹಿಂದಿನ ಆಕ್ಸಲ್ ಕೂರುವ ಜಾಗವನ್ನು ಅರ್ಧ ಮಿಲಿಮೀಟರ್‌ನಷ್ಟು ಉಜ್ಜಿ ಹಿಂಭಾಗ ಇಳಿಸಿದೆ. ಟೈರುಗಳ ಅಡಿಯನ್ನೂ ಸ್ವಲ್ಪ ಚಪ್ಪಟೆ ಮಾಡಿದೆ. ಕೆಲಸ ಸಣ್ಣದು, ಆದರೆ ಜೀಪು ನಿಜವಾಗಿ ಭಾರ ಹೊತ್ತ ಹಾಗೆ ಕಾಣತೊಡಗಿತು.

ಇಷ್ಟು ಹಗುರ ಗಾಡಿಯಿಂದ ಟ್ಯಾಂಕ್ ಒಡೆಯುವ ಶೆಲ್ ಹಾರಿಸೋದು ಹೇಗೆ? ಅಷ್ಟೇ ದಪ್ಪದ ಮಾಮೂಲಿ ಫಿರಂಗಿಯ ಹಿಮ್ಮೆಟ್ಟನ್ನು ಜೀಪು ತಡೆಯಲಾರದು. ಆರ್‌ಸಿಎಲ್‌ನ ಗುಟ್ಟು ಶೆಲ್ಲಿನ ಖೋಲಿನಲ್ಲಿದೆ. ಖೋಲಿನ ತುಂಬ ತೂತುಗಳು. ಮದ್ದು ಉರಿದಾಗ ಅನಿಲದ ದೊಡ್ಡ ಭಾಗ ಆ ತೂತುಗಳಿಂದ ಹೊರಬಂದು ಗನ್ನಿನ ಹಿಂದಿನಿಂದ ನುಗ್ಗುತ್ತದೆ. ಮುಂದಿನ ಒತ್ತಡಕ್ಕೆ ಹಿಂದಿನದು ಸರಿಸಾಟಿ, ಜೀಪಿಗೆ ಪೆಟ್ಟು ಬೀಳಲ್ಲ. ಈ ಖೋಲನ್ನು ತೋರಿಸದೆ ಬಿಡೋಕೆ ನನಗೆ ಮನಸ್ಸಾಗಲಿಲ್ಲ. ಪ್ಲಾಸ್ಟಿಕ್ ಕಡ್ಡಿ ತಗೊಂಡು, ಪೆನ್ಸಿಲಿನಿಂದ ಸಾಲು ಗುರುತು ಹಾಕಿ, 0.3 ಮಿಮೀ ಬಿಟ್‌ನಲ್ಲಿ ಕೈ ಡ್ರಿಲ್ ತಿರುಗಿಸುತ್ತಾ ಒಂದೊಂದೇ ತೂತು ಮಾಡಿದೆ. ಮೊದಲು ಸೂಜಿ ಮೊನೆಯಿಂದ ಚುಚ್ಚಿಕೊಂಡರೆ ಬಿಟ್ ಜಾರಲ್ಲ. ಅವಸರ ಮಾತ್ರ ಮಾಡಬೇಡಿ.

ಗನ್ನಿನ ಮೇಲೆ ಇನ್ನೊಂದು ತೆಳ್ಳಗಿನ ಕೊಳವೆ ಇರುತ್ತದೆ. ಅದು ಗುರಿ ನೋಡುವ .50 ರೈಫಲ್. ಅದರ ಹೊಳೆಯುವ ಗುಂಡು ಟ್ಯಾಂಕಿಗೆ ತಗುಲಿದ್ದು ಕಂಡರೆ, ಅದೇ ಗುರಿಯಲ್ಲಿ ದೊಡ್ಡ ಶೆಲ್ ಹಾರಿಸುತ್ತಾರೆ. ಇದಕ್ಕೆ ಸಿರಿಂಜಿನ ಸೂಜಿ ಕತ್ತರಿಸಿ ಬಳಸಿದೆ. ತುದಿಯಲ್ಲಿ ತೂತು ತಾನಾಗೇ ಇರುತ್ತದೆ, ಪ್ಲಾಸ್ಟಿಕ್‌ನಲ್ಲಿ ಅಷ್ಟು ಚೊಕ್ಕ ಬರಲ್ಲ.

ಈ ಮಾಡೆಲ್ ಕೈಗೆತ್ತಿಕೊಂಡಿದ್ದು ಅಬ್ದುಲ್ ಹಮೀದ್ ಅವರಿಗಾಗಿ. 1965ರ ಸೆಪ್ಟೆಂಬರ್, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಪಂಜಾಬಿನ ಖೇಮ್ ಕರಣ್ ವಲಯದ ಅಸಲ್ ಉತ್ತರ್ ಕಾಳಗ. 4 ಗ್ರೆನೇಡಿಯರ್ಸ್ ಪಡೆಯ ಈ ಹವಾಲ್ದಾರರು ಜೀಪಿನ ಆರ್‌ಸಿಎಲ್‌ನಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿದರು. ಸೆಪ್ಟೆಂಬರ್ 10ರಂದು ಹೋರಾಡುತ್ತಲೇ ಪ್ರಾಣ ಕೊಟ್ಟರು. ಮರಣೋತ್ತರ ಪರಮವೀರ ಚಕ್ರ ಬಂತು. ಜೀಪಿಗೆ ಕವಚ ಅನ್ನೋದೇ ಇಲ್ಲ. ಹಿಂದಿನಿಂದ ನುಗ್ಗುವ ಬೆಂಕಿ, ಧೂಳು ಜಾಗ ತೋರಿಸಿಕೊಡುತ್ತದೆ. ಹೊಡೆದ ಕೂಡಲೇ ಜಾಗ ಬದಲಿಸಬೇಕು. ಇದು ಗೊತ್ತಿದ್ದದ್ದರಿಂದಲೇ ನನ್ನ ಡ್ರೈವರ್ ಬೊಂಬೆಯನ್ನು ಸ್ಟೀರಿಂಗ್ ಹಿಡಿದು ಕೂರಿಸಿದೆ. ಸುತ್ತ ಕಬ್ಬಿನ ಗದ್ದೆ ಹಾಕಿದೆ. ಗನ್ನಿನ ಹಿಂದೆ ಮಾತ್ರ ಒಬ್ಬ ಮನುಷ್ಯನನ್ನೂ ನಿಲ್ಲಿಸಲಿಲ್ಲ. ಹೊಡೆಯುವಾಗ ಅಲ್ಲಿ ನಿಂತವರು ಉಳಿಯಲ್ಲ.

ಅಳತೆ ನೋಡೋಣ ಅಂತ ನಿಜವಾದ ಗಾಡಿ ಹುಡುಕಿದರೆ ಸಿಗೋದು ಕಷ್ಟ. ಸೇನೆ ಜೀಪು ಮಾರುವಾಗ ಗನ್ ಬಿಚ್ಚಿಕೊಳ್ಳುತ್ತದೆ. ಉಳಿದದ್ದು ಸಾಮಾನ್ಯ ಜೀಪು. ನಮ್ಮ ಸೇನೆಯ ಜೋಂಗಾ ಅನ್ನೋ ಗಾಡಿಗಳೂ ಆರ್‌ಸಿಎಲ್ ಹೊತ್ತವೇ. ಹರಾಜಿಗೆ ಬಂದಾಗ ಅವುಗಳಲ್ಲಿ ಗನ್ ಇರಲ್ಲ. ಅಮೆರಿಕದ ಎಂ151 ಜೀಪಿನ ಕಥೆ ಇನ್ನೂ ಬೇಸರದ್ದು. ತಿರುವಿನಲ್ಲಿ ಪಲ್ಟಿಯಾಗುವ ಗಾಡಿ ಅಂತ, ಜನರಿಗೆ ಮಾರದೆ ಬಹಳಷ್ಟನ್ನು ಕತ್ತರಿಸಿ ಗುಜರಿಗೆ ಹಾಕಿದರು. ಅದರ ಮೇಲೆ ಆರ್‌ಸಿಎಲ್ ಇತ್ತು, ಆಮೇಲೆ ಟ್ಯಾಂಕ್ ಒಡೆಯುವ ಟೋ (TOW) ಕ್ಷಿಪಣಿಯೂ ಬಂತು. 1960ರ ದಶಕದಲ್ಲಿ ಡೇವಿ ಕ್ರಾಕೆಟ್ ಅನ್ನೋ ಅಣ್ವಸ್ತ್ರದ ಆರ್‌ಸಿಎಲ್ ಅನ್ನೂ ಜೀಪಿಗೇ ಕಟ್ಟಿದ್ದರು.

ಹಾಗಾಗಿ ಹಳೆಯ ಜೀಪು ಎಲ್ಲೇ ಕಂಡರೂ ನಾನು ಮೊದಲು ನೋಡೋದು ಹಿಂದಿನ ನೆಲ. ಸ್ಟ್ಯಾಂಡ್ ಕೂರಿಸಿದ ಬೋಲ್ಟ್ ತೂತುಗಳಿವೆಯಾ, ತಗಡಿನ ಮೇಲೆ ಹೆಚ್ಚುವರಿ ಪಟ್ಟಿ ಬೆಸುಗೆ ಹಾಕಿದ್ದಾರಾ ಅಂತ. ಮಾಡೆಲ್‌ನಲ್ಲೂ ಆ ಪಟ್ಟಿಗಳನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ಅಂಟಿಸಿದೆ. ಗನ್ ಕೂರಿಸಿದ ಮೇಲೆ ಅವು ಅರ್ಧ ಮುಚ್ಚಿಹೋಗುತ್ತವೆ, ಆದ್ದರಿಂದ ಬಣ್ಣ ಮೊದಲೇ ಬಳಿದುಕೊಳ್ಳಿ.