ಮೂಸಂಬಿ ಭೂಮಿ, ನೆಲ್ಲಿಕಾಯಿ ಚಂದ್ರ

ಹಾಸನದಲ್ಲಿ ಎಂಸಿಎಫ್ ಅಂದರೆ ಆಟೋದವರಿಗೂ ಗೊತ್ತು. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇಲ್ಲೇ ಇದೆ. ಇನ್‌ಸ್ಯಾಟ್, ಜಿಸ್ಯಾಟ್ ಉಪಗ್ರಹಗಳ ಲಗಾಮು ಇಲ್ಲಿರುವವರ ಕೈಯಲ್ಲಿ. ಐದು ವರ್ಷದ ಮಗಳಿಗೆ ಬಾಹ್ಯಾಕಾಶದ ವಿಷಯ ಹೇಳಿಕೊಡೋಣ ಅನ್ನಿಸಿದಾಗ ನಾನು ಗ್ರಹಗಳ ಹೆಸರು ಬಾಯಿಪಾಠ ಮಾಡಿಸಲಿಲ್ಲ. ಬಣ್ಣದ ಚಾರ್ಟನ್ನೂ ಗೋಡೆಗೆ ಹಾಕಲಿಲ್ಲ. ಅದರಲ್ಲಿ ಗ್ರಹಗಳು ಬಸ್ಸಿನ ಸೀಟಲ್ಲಿ ಕೂತವರ ಹಾಗೆ ಒಂದಕ್ಕೊಂದು ತಾಗಿಕೊಂಡಿರುತ್ತವೆ. ನಿಜಕ್ಕೂ ಅಲ್ಲಿ ತುಂಬಿರುವುದು ಖಾಲಿ ಜಾಗ.

ಮೊದಲ ಆಟಕ್ಕೆ ಒಂದು ಮೂಸಂಬಿ, ಒಂದು ಸಣ್ಣ ಬೆಟ್ಟದ ನೆಲ್ಲಿಕಾಯಿ ಸಾಕು. ಭೂಮಿಯ ಅಡ್ಡಳತೆ ಚಂದ್ರನದಕ್ಕಿಂತ ಸುಮಾರು 3.7 ಪಟ್ಟು, ಲೆಕ್ಕ ಸರಿಹೋಗುತ್ತದೆ. “ಚಂದ್ರನ್ನ ಎಲ್ಲಿಡ್ತೀಯ ಇಡು ಪುಟ್ಟಿ” ಅಂದೆ. ಪಕ್ಕದಲ್ಲೇ ಇಟ್ಟಳು. ಭೂಮಿಯಿಂದ ಚಂದ್ರನಿಗಿರುವ ದೂರ 3,84,400 ಕಿಲೋಮೀಟರ್, ಅಂದರೆ ಮೂವತ್ತು ಮೂಸಂಬಿ ಸಾಲಾಗಿ ಇಟ್ಟಷ್ಟು, ಎಂಟು ಅಡಿ. ನೆಲ್ಲಿಕಾಯಿ ಅಡುಗೆಮನೆ ಹೊಸ್ತಿಲಿಗೆ ಹೋಯಿತು. ಎಂಸಿಎಫ್‌ನವರು ನೋಡಿಕೊಳ್ಳುವ ಉಪಗ್ರಹಗಳು 36,000 ಕಿಲೋಮೀಟರ್ ಎತ್ತರದಲ್ಲಿವೆ; ಅದು ಮೂಸಂಬಿಯಿಂದ ಒಂದು ಗೇಣು. ಗಗನಯಾತ್ರಿಗಳಿರುವ ಅಂತರರಾಷ್ಟ್ರೀಯ ನಿಲ್ದಾಣ ಸುಮಾರು 400 ಕಿಲೋಮೀಟರ್ ಮೇಲೆ. ಸಿಪ್ಪೆಯ ದಪ್ಪವೂ ಆಗುವುದಿಲ್ಲ! “ಇಷ್ಟೇನಾ?” ಅಂತ ಅವಳಿಗೆ ಬೇಜಾರು. ಸೂರ್ಯನನ್ನು ಮಾತ್ರ ಮನೆಯೊಳಗೆ ತರಲು ಆಗಲಿಲ್ಲ. ಈ ಲೆಕ್ಕಕ್ಕೆ ಅವನು ಎರಡಂತಸ್ತಿನ ಮನೆಗಿಂತ ಎತ್ತರ, ಇರುವುದು ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಆಚೆ.

ಇನ್ನೊಂದು ಆಟದಲ್ಲಿ ನಾನು ಭೂಮಿ, ಅವಳು ಉಪಗ್ರಹ. ನನ್ನ ವೇಲಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ನಾನು ನಿಂತಲ್ಲೇ ನಿಧಾನಕ್ಕೆ ತಿರುಗುತ್ತೇನೆ, ಅವಳು ಸುತ್ತ ನಡೆಯುತ್ತಾಳೆ. ನಿಯಮ ಒಂದೇ: ನನ್ನ ಮೂಗು ಸದಾ ಅವಳಿಗೆ ಎದುರಿಗಿರಬೇಕು. ಭೂಮಿಯ ಒಂದು ಸುತ್ತಿಗೆ ಉಪಗ್ರಹದ್ದೂ ಒಂದೇ ಸುತ್ತು. ಆಮೇಲೆ ತಾರಸಿಗೆ ಕರಕೊಂಡು ಹೋಗಿ ಟಿವಿ ಡಿಶ್ ತೋರಿಸಿದೆ. ಈ ಉಪಗ್ರಹಗಳಿರುವುದು ಸಮಭಾಜಕ ವೃತ್ತದ ಮೇಲೆ, ಅಂದರೆ ನಮಗೆ ದಕ್ಷಿಣಕ್ಕೆ. ಹಾಗಾಗಿ ಅಕ್ಕಪಕ್ಕದ ಡಿಶ್‌ಗಳೆಲ್ಲ ಆ ಕಡೆಗೇ ಮುಖ ಎತ್ತಿಕೊಂಡು ಕದಲದೆ ನಿಂತಿರುತ್ತವೆ. “ಅದಕ್ಕೂ ಮೂಗು ಕಾಣ್ತಾನೇ ಇರುತ್ತೆ ಅಲ್ವಾಮ್ಮ?” ಅಂದಳು.

ರಟ್ಟಿನ ಡಬ್ಬದಲ್ಲಿ ರಾಕೆಟ್ ಮಾಡಿ ಮಗುವನ್ನು ಕೂರಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ, ಮಾಡಲು ಕೆಲಸವಿರುವುದಿಲ್ಲ. ಕೆಲಸವಿರುವುದು ಕಂಟ್ರೋಲ್ ರೂಮಿನಲ್ಲಿ. ರಾಕೆಟ್ಟು ಉಪಗ್ರಹವನ್ನು ಮೊಟ್ಟೆಯಾಕಾರದ ದಾರಿಯಲ್ಲಿ ಬಿಟ್ಟುಹೋಗುತ್ತದೆ. ಅದನ್ನು ದುಂಡಗೆ ಮಾಡುವುದು ಎಂಸಿಎಫ್‌ನವರ ಪಾಲಿನ ಕೆಲಸ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಉದ್ದನೆ ಮೊಟ್ಟೆ ಬರೆದೆ, ಒಂದು ತುದಿಯ ಹತ್ತಿರ ಬಿಂದಿಗೆ ಇಟ್ಟೆ. ಬಿಂದಿಗೆಯೇ ಭೂಮಿ. ಗೆರೆಯ ಮೇಲೆ ನಡೆಯುವುದು ಅವಳ ಅಪ್ಪ. ಅವಳು ಸ್ಟೂಲಿನ ಮೇಲೆ, ಮಡಿಲಲ್ಲಿ ಹಳೇ ಕೀಬೋರ್ಡ್. ಬಿಂದಿಗೆಯಿಂದ ತೀರಾ ದೂರದ ತುದಿಗೆ ಹೋದಾಗಲೇ ಎಂಜಿನ್ ಉರಿಸಬೇಕು. ಆಗ ಎದುರಿನ ತುದಿ ಬಿಂದಿಗೆಯಿಂದ ಆಚೆ ಸರಿಯುತ್ತದೆ. ಪ್ರತಿ ಸಲ ನಾನು ಹೊಸ ಗೆರೆ ಎಳೆಯುತ್ತೇನೆ. ಅಪ್ಪ ಬೇಕೆಂದೇ ಹತ್ತಿರದ ತುದಿಯಲ್ಲಿ “ಬುರ್ರ್” ಅಂದರೆ, “ಅಪ್ಪಾ, ಈಗ ಬೇಡ! ದೂರ ಹೋದ್ಮೇಲೆ!” ಅಂತ ಗದರುತ್ತಾಳೆ. ಮೊಟ್ಟೆ ದುಂಡಗಾದ ಮೇಲೆ ಎರಡೂ ಕೈ ಚಾಚಿದರೆ ಸೌರ ಫಲಕ ಬಿಚ್ಚಿದಂತೆ.

ಚಂದ್ರಯಾನವೂ ಬೇಕೆಂದಳು. ಅದನ್ನು ನಡೆಸುವುದು ಬೆಂಗಳೂರಿನಲ್ಲಿರುವ ಇಸ್ರೋದ ಇನ್ನೊಂದು ಕೇಂದ್ರ ಇಸ್ಟ್ರಾಕ್, ದೊಡ್ಡ ಡಿಶ್ ಇರುವುದು ಅಲ್ಲೇ ಹತ್ತಿರದ ಬ್ಯಾಲಾಳಿನಲ್ಲಿ ಅಂದೆ, ಸ್ಟೂಲು ಬೆಂಗಳೂರಾಯಿತು. ಚಂದ್ರನಿಗೆ ರೇಡಿಯೊ ಸಂದೇಶ ಹೋಗಲು ಸುಮಾರು 1.3 ಸೆಕೆಂಡು ಬೇಕು. ಹಾಗಾಗಿ ಅಪ್ಪ ಆದೇಶ ಕೇಳಿದ ಮೇಲೆ “ಒಂದು” ಎಂದು ಎಣಿಸಿಯೇ ಕಾಲೆತ್ತಬೇಕು. ಮಂಗಳಕ್ಕಾದರೆ ಕಡಿಮೆಯೆಂದರೂ ಮೂರು ನಿಮಿಷ, ದೂರವಿದ್ದಾಗ ಇಪ್ಪತ್ತಕ್ಕೂ ಹೆಚ್ಚು. ಅಪ್ಪ ಆ ಗ್ಯಾಪಲ್ಲಿ ಒಳಗೆ ಹೋಗಿ ಕಾಫಿ ಕುಡಿದು ಬಂದರು. ಮಂಗಳಯಾನ ಅಂದೇ ರದ್ದಾಯಿತು.