ಜಿಮ್ನಾಸ್ಟಿಕ್ಸ್‌ನಲ್ಲಿ ಡಬಲ್ ಪ್ರಮೋಷನ್: 5ರಿಂದ ನೇರ 7ಕ್ಕೆ ಕಳಿಸುವ ಮುಂಚೆ

ಮಗಳು ಲೆವೆಲ್ 6ನ್ನು ಬಿಟ್ಟು 5ರಿಂದ ನೇರ 7ಕ್ಕೆ ಏರುವುದನ್ನು ಅಮೆರಿಕದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರು ಶಾಲೆಯ ಡಬಲ್ ಪ್ರಮೋಷನ್ ಹಾಗೆಯೇ ನೋಡುತ್ತಾರೆ. ಲೆಕ್ಕ ಸ್ವಲ್ಪ ಬೇರೆ. ಯುಎಸ್‌ಎ ಜಿಮ್ನಾಸ್ಟಿಕ್ಸ್‌ನ ಹುಡುಗಿಯರ ವಿಭಾಗದಲ್ಲಿ 10 ಲೆವೆಲ್‌ಗಳಿವೆ. 5ರವರೆಗೆ ಆಯಾ ಲೆವೆಲ್‌ನ ಎಲ್ಲರಿಗೂ ಒಂದೇ ರುಟೀನ್ (ಸಾಲಾಗಿ ಮಾಡಿ ತೋರಿಸುವ ಅಂಶಗಳು), ಫ್ಲೋರ್‌ಗೆ, ಅಂದರೆ ನೆಲದ ಮೇಲಿನ ಪ್ರದರ್ಶನಕ್ಕೆ, ಒಂದೇ ಸಂಗೀತ. 6ರಿಂದ ಪ್ರತಿಯೊಬ್ಬಳಿಗೂ ಅವಳದೇ ರುಟೀನ್. 1ರಿಂದ 3ರಲ್ಲಿ ಸ್ಪರ್ಧಿಸಲೇಬೇಕೆಂದಿಲ್ಲ, 4 ಮತ್ತು 5 ಮಾತ್ರ ದಾಟಲೇಬೇಕು. ಹಾಗಾಗಿ ನಿಜವಾದ ಚರ್ಚೆ 6ನ್ನು ಬಿಡಬಹುದೇ ಎಂಬುದು.

ಕೋಚ್ ಆಗಿ ನಾನು ಮೊದಲು ನೋಡುವುದು ಬಾರ್ಸ್, ಅಂದರೆ ಎರಡು ಅಡ್ಡ ಕಂಬಿಗಳ ಮೇಲಿನ ರುಟೀನ್. ಒಟ್ಟು ಅಂಕ ಕಣ್ಣಿಗೆ ಮಣ್ಣೆರಚುತ್ತದೆ. 5ರಲ್ಲಿ ಒಟ್ಟು 36.00 ಬಂದಿದ್ದರೂ ಅದರೊಳಗೆ ಬಾರ್ಸ್ 8.30 ಆಗಿದ್ದರೆ, ಉಳಿದ ಮೂರು (ಓಡಿಬಂದು ಹಾರುವ ವಾಲ್ಟ್, ಬೀಮ್, ಫ್ಲೋರ್) ಅದನ್ನು ಹೊತ್ತು ತಂದಿವೆ ಎಂದರ್ಥ. ಆ ಹುಡುಗಿಗೆ ನಾನು 6ನ್ನು ತಪ್ಪಿಸುವುದಿಲ್ಲ.

ಪರೀಕ್ಷೆ ಹೀಗೆ. ಬಾರ್‌ನಿಂದ ಇಳಿಯದೆ ಸಾಲಾಗಿ 5 ಕಿಪ್ (ಬಾರ್‌ಗೆ ಜೋತು ತೂಗಿ ಅದರ ಮೇಲಕ್ಕೆ ಏರುವುದು), ಪ್ರತಿ ಕಿಪ್ ಆದ ಮೇಲೂ ಒಂದು ಕಾಸ್ಟ್ (ಬಾರ್ ಮೇಲೆ ಕೈಯೂರಿ ದೇಹವನ್ನು ಹಿಂದಕ್ಕೆ, ಮೇಲಕ್ಕೆ ಎತ್ತುವುದು). ಮೊದಲ ಎರಡು ಎಲ್ಲರದ್ದೂ ಚೆನ್ನಾಗಿರುತ್ತದೆ. ನಾಲ್ಕನೆಯದರಲ್ಲಿ ಮೊಣಕೈ ಮಡಚಿದರೆ ತೋಳಿನ ಬಲ ಸಾಲದು. ಸೊಂಟ ಮುರಿದು ಕಾಲು ಮಾತ್ರ ಮೇಲೆ ಹೋದರೆ ಭುಜ ಸಾಕಷ್ಟು ಮುಂದೆ ಬರುತ್ತಿಲ್ಲ. ಎರಡಕ್ಕೂ ಮದ್ದು ಬೇರೆ: ಮೊದಲನೆಯದಕ್ಕೆ ನೆಲದಲ್ಲಿ ಹ್ಯಾಂಡ್‌ಸ್ಟ್ಯಾಂಡ್‌ಗೆ ನಿಧಾನವಾಗಿ ಒತ್ತಿ ಏರುವ ಅಭ್ಯಾಸ, ಎರಡನೆಯದಕ್ಕೆ ಪಾದಕ್ಕೆ ಆಸರೆ ಕೊಟ್ಟು ಭುಜ ಮುಂದೆ ತಳ್ಳಿ ನಿಲ್ಲುವ ಅಭ್ಯಾಸ, 20 ಸೆಕೆಂಡಿನಂತೆ 5 ಸಲ.

7ಕ್ಕೆ ಹ್ಯಾಂಡ್‌ಸ್ಟ್ಯಾಂಡ್‌ಗೆ ಹತ್ತಿರ ಹೋಗುವ ಕಾಸ್ಟ್ ಬೇಕು, ಹೊಟ್ಟೆ ಬಾರ್‌ಗೆ ತಾಗದ ಸುತ್ತುಗಳು ಬೇಕು, ಸಾಲ್ಟೋ ಡಿಸ್‌ಮೌಂಟ್ (ಗಾಳಿಯಲ್ಲಿ ಪಲ್ಟಿ ಹೊಡೆದು ಇಳಿಯುವುದು) ಬೇಕು. 6ರಲ್ಲಿ ಒಂದು ಬಿ (ಎ ದರ್ಜೆಗಿಂತ ಒಂದು ಮೆಟ್ಟಿಲು ಕಠಿಣವಾದ ಅಂಶ) ಸಾಕಿದ್ದರೆ ಇಲ್ಲಿ ಎರಡು. ಒಂದು ಬಿ ಇಲ್ಲದಿದ್ದರೆ 0.3 ಅಂಕ ಕಡಿತ, ಕಡ್ಡಾಯ ಅಂಶವೊಂದು ತಪ್ಪಿದರೆ 0.5, ಬಿದ್ದರೆ ಮತ್ತೆ 0.5. ಅರೆಬೆಂದ ರುಟೀನ್‌ನಲ್ಲಿ ಈ ಮೂರೂ ಒಟ್ಟಿಗೆ ಬರುತ್ತವೆ.

ಜೈಂಟ್ ಅನ್ನು (ದೇಹ ನೀಳವಾಗಿಟ್ಟು ಬಾರ್ ಸುತ್ತ ಹೊಡೆಯುವ ಪೂರ್ತಿ ಸುತ್ತು) ಸ್ಟ್ರಾಪ್ ಬಾರ್‌ನಲ್ಲಿ, ಅಂದರೆ ಕೈಯನ್ನು ಪಟ್ಟಿಯಿಂದ ಕಟ್ಟಿದ ಬಾರ್‌ನಲ್ಲಿ, ಶುರುಮಾಡಿ, ಅಲ್ಲಿ ಸಾಲಾಗಿ 10 ಬಂದ ಮೇಲಷ್ಟೇ ಫೋಮ್ ಪಿಟ್ ಮೇಲಿನ ಬಾರ್‌ಗೆ ಕಳಿಸುತ್ತೇನೆ. ಮೇಲೇರುವಾಗ ಎದೆಯನ್ನು ಬಾರ್ ಕಡೆಗೆ ಬೇಗ ಎಳೆದುಕೊಂಡರೆ ಸುತ್ತು ತುದಿ ಮುಟ್ಟದೆ ಹಿಂದಕ್ಕೆ ಬೀಳುತ್ತದೆ. ಫ್ಲೈಅವೇಯಲ್ಲಿ (ತೂಗಿ ಬಾರ್ ಬಿಟ್ಟು ಹಿಮ್ಮುಖ ಪಲ್ಟಿ ಹೊಡೆದು ಇಳಿಯುವ ಡಿಸ್‌ಮೌಂಟ್) ಅಪಾಯವಿರುವುದು ಕೈ ಬಿಡುವ ಗಳಿಗೆಯಲ್ಲಿ. ತಡವಾದರೆ ದೇಹ ಬಾರ್ ಕಡೆಗೇ ಮರಳುತ್ತದೆ, ಪಾದ ಬಡಿಯುತ್ತದೆ. ಒಮ್ಮೆ ಹೀಗೆ ಬಡಿಸಿಕೊಂಡ ಮಗು ತಿಂಗಳುಗಟ್ಟಲೆ ಹೆದರಬಹುದು. ಅವಸರಕ್ಕೆ ತೆರುವ ಬೆಲೆಯಲ್ಲಿ ಇದೇ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೀಮ್‌ನ ವಿಷಯ ತಾಳ್ಮೆಯದ್ದು. ಅಗಲ 10 ಸೆಂ.ಮೀ., ಎತ್ತರ 125 ಸೆಂ.ಮೀ. ಹೊಸ ಅಂಶ ಕಲಿಸುವ ಮೆಟ್ಟಿಲುಗಳು ಇವು: ನೆಲದ ಗೆರೆ, ನೆಲಕ್ಕೆ ತಾಗಿದ ಬೀಮ್, ಮ್ಯಾಟ್ ಪೇರಿಸಿದ ಎತ್ತರದ ಬೀಮ್, ಕೊನೆಗೆ ಮ್ಯಾಟ್ ತೆಗೆದ ಬೀಮ್. ಪ್ರತಿ ಮೆಟ್ಟಿಲಿನಲ್ಲೂ 10 ಪ್ರಯತ್ನದಲ್ಲಿ 8 ಸಲ ಬೀಳದೆ ನಿಲ್ಲಬೇಕು, ಅದೂ ಮೂರು ಬೇರೆ ಬೇರೆ ದಿನ. ಮ್ಯಾಟ್‌ಗಳನ್ನು ಒಂದೇ ದಿನ ಎಲ್ಲ ತೆಗೆಯಬಾರದು, ವಾರಕ್ಕೊಂದು ಸಾಕು. ವಾಲ್ಟ್, ಫ್ಲೋರ್‌ಗಳು ಈ ತೀರ್ಮಾನವನ್ನು ತಡೆಯುವುದು ಅಪರೂಪ.

ದೇಹದ ಮಾತು ಬೇರೆ ಇದೆ. ಸರಸರನೆ ಎತ್ತರ ಬೆಳೆಯುತ್ತಿರುವ ವರ್ಷದಲ್ಲಿ ಲೆವೆಲ್ ಹಾರಿಸುವುದು ಬೇಡ. ತೋಳು ಕಾಲಿನ ಉದ್ದ ಬದಲಾದಾಗ ನಿನ್ನೆ ಬರುತ್ತಿದ್ದ ಕಿಪ್ ಕೂಡ ಕೈಕೊಡುತ್ತದೆ. ಮಣಿಕಟ್ಟಿನ ಹೆಬ್ಬೆರಳ ಬದಿಗೆ ಅಥವಾ ಹಿಮ್ಮಡಿಗೆ ನೋವಿದ್ದರೆ ಅದು ಎಲುಬು ಬೆಳೆಯುವ ಭಾಗದ ತೊಂದರೆಯಾಗಿರಬಹುದು. ಟೇಪ್ ಸುತ್ತಿ ಮುಂದುವರಿಸದೆ ಮೊದಲು ವೈದ್ಯರಿಗೆ ತೋರಿಸಿ.

ಸೀಸನ್ ಮುಗಿದ ಮೇಲೆ 7ರ ತಯಾರಿಗೆ 12 ವಾರ ಕೊಡುತ್ತೇನೆ. ಎಂಟನೇ ವಾರಕ್ಕೆ ರುಟೀನ್‌ಗಳನ್ನು ಅರ್ಧರ್ಧ ಜೋಡಿಸಿ, ಹನ್ನೆರಡನೇ ವಾರಕ್ಕೆ ಸ್ಪಾಟ್ (ಕೋಚ್ ಕೈಯ ಆಸರೆ) ಇಲ್ಲದೆ ಪೂರ್ತಿ ಮಾಡಿಸಿ ನೋಡುತ್ತೇನೆ. ಬಿಡಿಬಿಡಿಯಾಗಿ ಎಲ್ಲ ಬಂದರೂ ಜೋಡಿಸಿದಾಗ ಬರದಿದ್ದರೆ 6ಕ್ಕೇ ಹೆಸರು ಕೊಡುತ್ತೇನೆ. 6ರ ಎರಡು ಮೀಟ್‌ಗಳಲ್ಲಿ (ಸ್ಪರ್ಧೆಗಳಲ್ಲಿ) ಬೇಕಾದ ಅಂಕ ಬಂದು ಜಿಮ್‌ನಲ್ಲೂ ಜೈಂಟ್ ಗಟ್ಟಿಯಾದರೆ ಸೀಸನ್ ನಡುವೆಯೇ 7ಕ್ಕೆ ಏರಿಸಬಹುದು. ಮೂರನೇ ಮೀಟ್ ದಾಟಿದ ಮೇಲೆ ಮಾತ್ರ ಹಾಗೆ ಮಾಡುವುದಿಲ್ಲ. ಹೊಸ ರುಟೀನ್ ಕೈಗೆ ಕೂರುವ ಹೊತ್ತಿಗೆ ರಾಜ್ಯ ಮಟ್ಟದ ಮೀಟ್ ಬಂದೇಬಿಡುತ್ತದೆ.